ಕೋಟೆಯಾಟದಲ್ಲಿ ನಾನು ತೂಕ ಸರಿಮಾಡಿದ್ದು

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವ. ಆದರೆ ಸಮತೋಲ ಎಂಬ ವಿಷಯದಲ್ಲಿ ನನಗೆ ಪಾಠ ಹೇಳಲು ಯಾರೂ ಬರಬೇಕಾಗಿಲ್ಲ. ಅಜ್ಜಾವರದಿಂದ ದರ್ಬೆಯವರೆಗೆ ನಾನು ಕಟ್ಟಿದ ಕೆಂಪುಕಲ್ಲಿನ ಗೋಡೆಗಳು ಇವತ್ತಿಗೂ ನೆಟ್ಟಗೆ ನಿಂತಿವೆ. ತೂಗುಗುಂಡು, ರಸಮಟ್ಟ ಹಿಡಿದೇ ಪಳಗಿದ ಕೈ ಇದು. ಕಲ್ಲು ಒಂದು ಕೂದಲಿನಷ್ಟು ವಾಲಿದರೂ ನನ್ನ ಕಣ್ಣಿಗೆ ಚುಚ್ಚುತ್ತದೆ. ಅಂಥ ನಾನು ದರ್ಬೆಯ ಒಂದು ಕಂಪೌಂಡು ಗೋಡೆಯ ಮೇಲೆ ನಿಂತು, ಸಮತೋಲ ಎಂದರೆ ಏನೆಂದು ಕೆಲಸದವರಿಗೆ ವಿವರಿಸುತ್ತಿರುವಾಗಲೇ ಕೆಳಗೆ ಬಿದ್ದೆ.

ಗೋಡೆಯ ಎತ್ತರ ಎರಡೂವರೆ ಅಡಿ!

ಎಡಗಾಲಿಗೆ ಪ್ಲಾಸ್ಟರು, ಆರು ವಾರ ವಿಶ್ರಾಂತಿ. ದುಡಿದು ತಿನ್ನುವವನಿಗೆ ವಿಶ್ರಾಂತಿಯಂಥ ಶಿಕ್ಷೆ ಇನ್ನೊಂದಿಲ್ಲ. ಮೊದಲ ಮೂರು ದಿನ ಕುರ್ಚಿಯಲ್ಲಿ ಕೂತು ಅಡುಗೆಮನೆಯ ಮೇಲ್ವಿಚಾರಣೆ ನೋಡಿಕೊಂಡೆ. ಸಾಮಾನಿನ ಹಲಗೆ ಬಲಕ್ಕೆ ವಾಲಿದೆ ಎಂದೆ. ದೋಸೆ ಒಂದು ಬದಿ ದಪ್ಪವಾಗಿದೆ ಎಂದೆ. ನಾಲ್ಕನೇ ದಿನ ನನ್ನ ಹೆಂಡತಿ ಲಲಿತಾ ಸಟ್ಟುಗ ಹಿಡಿದುಕೊಂಡೇ ಮಗಳ ಹತ್ತಿರ ಹೋದಳು.

"ಚೈತ್ರಾ, ಈ ಮನುಷ್ಯನಿಗೆ ಎಂತಾದ್ರೂ ಒಂದು ಕೆಲಸ ಕೊಡು ಮಾರಾಯ್ತಿ. ಇಲ್ಲದಿದ್ರೆ ಇನ್ನೊಂದು ಕಾಲಿಗೂ ಪ್ಲಾಸ್ಟರ್ ಬೀಳ್ತದೆ. ನಾನೇ ಹಾಕಿಸ್ತೇನೆ!"

ಪುತ್ತೂರಿನಲ್ಲಿ ಡಿಗ್ರಿ ಓದುತ್ತಿರುವ ಚೈತ್ರಾ ನನ್ನ ಫೋನಿಗೆ ಎರಡು ಆಟ ಹಾಕಿಕೊಟ್ಟಳು. ಎರಡನ್ನೂ ಹತ್ತು ದಿನ ಕೂಲಂಕಷವಾಗಿ ಪರಿಶೀಲಿಸಿ ನಾನು ಕಂಡುಕೊಂಡ ಸತ್ಯಗಳನ್ನು ಸಾರ್ವಜನಿಕರ ಹಿತದೃಷ್ಟಿಯಿಂದ ಇಲ್ಲಿ ದಾಖಲಿಸುತ್ತಿದ್ದೇನೆ.

ಮೊದಲನೆಯದು ಬಂದೂಕಿನ ಆಟ. ಅದರಲ್ಲಿ ಮೈಕು ಎಲ್ಲರಿಗೂ ತೆರೆದಿರುತ್ತದೆ. ನಾವು ಮಾತಾಡಿದ್ದು ನಮ್ಮವರಿಗೂ ಕೇಳುತ್ತದೆ, ವೈರಿಗಳಿಗೂ ಕೇಳುತ್ತದೆ. ಇದು ನನಗೆ ಬಹಳ ಹಿಡಿಸಿತು. ಮೊದಲ ದಿನವೇ ಎದುರಿಗೆ ಬಂದ ವೈರಿಯನ್ನು "ಊಟ ಆಯ್ತಾ?" ಎಂದು ವಿಚಾರಿಸಿದೆ. ಅವನು ಹಿಂದಿಯಲ್ಲಿ ಏನೋ ಉದ್ದಕ್ಕೆ ಹೇಳಿ ನನಗೆ ಗುಂಡು ಹೊಡೆದ.

"ಅವ ಎಂತ ಹೇಳಿದ್ದು ಮಗಾ?"

"ಊಟ ಆಯ್ತಂತೆ ಅಪ್ಪ," ಎಂದಳು ಚೈತ್ರಾ, ಕಿವಿ ಕೆಂಪು ಮಾಡಿಕೊಂಡು.

ಆ ಆಟದಲ್ಲಿ ತೂಕ ನೋಡುವ ಕ್ರಮವೇ ಇಲ್ಲ. ನಾನು ಊರಿನ ಹಗ್ಗಜಗ್ಗಾಟ ತಂಡದಲ್ಲಿ ಹದಿನೈದು ವರ್ಷ ಕೊನೆಯ ಆಳಾಗಿ ಹಗ್ಗ ಸೊಂಟಕ್ಕೆ ಸುತ್ತಿ ನಿಂತವ. ನಮ್ಮಲ್ಲಿ ಒಬ್ಬೊಬ್ಬರನ್ನೂ ಅಡಿಕೆ ತೂಗುವ ಯಂತ್ರದ ಮೇಲೆ ಹತ್ತಿಸಿ, ಎರಡು ಕಡೆಯ ತೂಕವೂ ಸರಿಬಂದ ಮೇಲೆಯೇ ಹಗ್ಗ ಮುಟ್ಟಲು ಬಿಡುತ್ತಾರೆ. ಒಂದು ಕಡೆ ಒಬ್ಬ ಕಡಿಮೆಯಾದರೆ ಇನ್ನೊಂದು ಕಡೆಯವರೂ ಒಬ್ಬನನ್ನು ಹೊರಗೆ ನಿಲ್ಲಿಸಬೇಕು. ಅದು ಮರ್ಯಾದೆ. ಇಲ್ಲಿಯೋ, ನಡೆಯಲು ಯಾವ ಹೆಬ್ಬೆರಳು ಒತ್ತಬೇಕೆಂದು ಹುಡುಕುತ್ತಿದ್ದ ನನ್ನ ಎದುರಿಗೆ ಮೈತುಂಬ ಚಿನ್ನದ ಕವಚ ತೊಟ್ಟವನನ್ನು ತಂದು ಬಿಟ್ಟಿದ್ದರು!

ಎರಡನೆಯದು ಕೋಟೆಯ ಆಟ. ಈಚೆ ಮೂವರು, ಆಚೆ ಮೂವರು. ನಮ್ಮ ಧ್ವಜ ಕಾಯಬೇಕು, ಅವರದ್ದು ಕೀಳಬೇಕು. ಕಲಿಯುವವನಿಗೆ ಕಲಿಯುವವನನ್ನೇ ಎದುರಾಳಿಯಾಗಿ ಕೊಡುತ್ತಾರೆ. ಎಲ್ಲಕ್ಕಿಂತ ದೊಡ್ಡದು, ಅದರಲ್ಲಿ ತಂಡ ಕಟ್ಟಿಕೊಂಡು ಒಂದು ಕೇರಿಯ ಹಾಗೆ ಬದುಕಬಹುದು. ಚೈತ್ರಾಳ ತಂಡಕ್ಕೆ ಸೇರಿದ ದಿನ ನಾನು "ಕೋಟೆಗೆ ಕಲ್ಲು ಬೇಕಿತ್ತು" ಎಂದು ಬರೆದೆ. ಐದೇ ನಿಮಿಷದಲ್ಲಿ ಕಲ್ಲು ಬಂತು! ನನ್ನ ಮೇಸ್ತ್ರಿಗಿರಿಯಲ್ಲಿ ಕಲ್ಲು ಹೇಳಿದ ದಿನವೇ ಬಂದದ್ದು ಅದೇ ಮೊದಲು.

ಕಲ್ಲು ಕಳಿಸಿದವರು ಇಬ್ಬರು. ಚೈತ್ರಾಳ ಗೆಳತಿ, ದರ್ಬೆಯ ಶಮೀಮಾ. ಇನ್ನೊಬ್ಬ ಪಂಜದಲ್ಲಿ ರಿಕ್ಷಾ ಓಡಿಸುವ ಗಣೇಶ. ಇಬ್ಬರೂ ದಿನಾ "ಮೇಸ್ತ್ರಿಯವರೇ, ಕಾಲು ಹೇಗುಂಟು?" ಎಂದು ಬರೆಯುತ್ತಿದ್ದರು. ಆಸ್ಪತ್ರೆಗೆ ಹೋಗಲು ಗಾಡಿ ಸಿಗಲಿಲ್ಲ ಎಂದು ನಾನು ಸುಮ್ಮನೆ ಬರೆದರೆ, ಮರುದಿನ ಗಣೇಶ ಪಂಜದಿಂದ ರಿಕ್ಷಾ ತಂದು ಅಂಗಳದಲ್ಲಿ ಹಾರ್ನು ಹೊಡೆದ. ಇಷ್ಟು ವರ್ಷದಲ್ಲಿ ಎಷ್ಟೋ ಜನರ ಮನೆ ಕಟ್ಟಿದ್ದೇನೆ. ನನ್ನ ಸುತ್ತ ಇಷ್ಟು ಬೇಗ ಒಂದು ಕೇರಿ ಎದ್ದದ್ದನ್ನು ನಾನು ನೋಡಿರಲಿಲ್ಲ. ಆ ಮಕ್ಕಳ ಋಣ ನನ್ನ ಮೇಲಿದೆ.

ಆ ಋಣವನ್ನು ನಾನು ತೀರಿಸಿದ ರೀತಿಯನ್ನು ಈಗ ಹೇಳಲೇಬೇಕು.

ಕೋಟೆಯಾಟದ ಒಂದು ಪಂದ್ಯಾಟ ನಡೆಯುತ್ತಿತ್ತು. ಇನ್ನೊಂದು ಪಂದ್ಯ ಗೆದ್ದರೆ ಚೈತ್ರಾಳ ತಂಡ ಫೈನಲಿಗೆ. ಫೈನಲು ಪುತ್ತೂರಿನ ಒಂದು ಸಭಾಭವನದಲ್ಲಿ, ವೇದಿಕೆಯ ಮೇಲೆ, ದೊಡ್ಡ ಪರದೆ ಕಟ್ಟಿ! ನಾಲ್ಕು ತಿಂಗಳಿಂದ ಮೂವರೂ ಅದಕ್ಕಾಗಿ ಬೆವರಿದ್ದರು. ಭಾನುವಾರ ಹನ್ನೊಂದು ಗಂಟೆಗೆ ಕಡಬದ ತಂಡದ ಎದುರು ಆಟ. ಹತ್ತೂಮುಕ್ಕಾಲಕ್ಕೆ ಗಣೇಶನ ಫೋನು: ಸುಬ್ರಹ್ಮಣ್ಯಕ್ಕೆ ಬಾಡಿಗೆ ಹೋದವ ಕಾಡಿನ ದಾರಿಯಲ್ಲಿ ಟಯರು ಪಂಕ್ಚರಾಗಿ ನಿಂತಿದ್ದ; ಅಲ್ಲಿ ಮಾತಾಡುವಷ್ಟು ಸಿಗ್ನಲು ಉಂಟು, ಆಟಕ್ಕೆ ಸಾಲದು.

ಚೈತ್ರಾಳ ಮುಖ ಸುಣ್ಣದ ಹಾಗಾಯಿತು. ಅವಳು ಮನೆಯೆಲ್ಲ ಕಣ್ಣಾಡಿಸಿ, ಬೇರೆ ದಾರಿ ಕಾಣದೆ ನನ್ನ ಕಡೆ ನೋಡಿದಳು.

"ಅಪ್ಪ, ನೀವು ಬರ್ತೀರಾ? ಹೆಚ್ಚು ಎಂತ ಮಾಡುದು ಬೇಡ. ಧ್ವಜದ ಹತ್ತಿರ ನಿಂತು ಬಂದವರಿಗೆ ಹೊಡೆದ್ರೆ ಸಾಕು."

"ನೀನು ಹೆದರ್ಬೇಡ ಮಗಾ. ಹದಿನೈದು ವರ್ಷ ಕೊನೆಗೆ ನಿಂತವ ನಾನು!"

ಅವಳು ಕೋಣೆಯೊಳಗೆ, ನಾನು ಜಗಲಿಯಲ್ಲಿ, ಶಮೀಮಾ ದರ್ಬೆಯಲ್ಲಿ. ಆಟ ಶುರುವಾಗಿ ಎರಡು ನಿಮಿಷ ನಾನು ಧ್ವಜವನ್ನು ಕಾದ ರೀತಿ ವರ್ಣಿಸಲು ಅಸಾಧ್ಯ. ಒಬ್ಬನನ್ನು ಉರುಳಿಸಿಯೂ ಬಿಟ್ಟೆ! ಅಷ್ಟರಲ್ಲಿ ಪರದೆಯ ಮೇಲೆ ಒಂದು ಸಾಲು ಬಂತು: ಕಡಬದ ತಂಡದಲ್ಲಿ ಒಬ್ಬರ ಸಂಪರ್ಕ ತಪ್ಪಿದೆ.

ಆಚೆ ಇಬ್ಬರು. ಈಚೆ ಮೂವರು.

ನನ್ನ ಹದಿನೈದು ವರ್ಷದ ಮರ್ಯಾದೆ ಒಳಗಿಂದ ಎದ್ದು ನಿಂತಿತು. ಮೈಕಿನಲ್ಲಿ ಗಂಭೀರವಾಗಿ ಘೋಷಿಸಿದೆ: "ಕಡಬದವರು ಕೇಳ್ಬೇಕು. ನಿಮ್ಮಲ್ಲಿ ಒಬ್ಬ ಇಲ್ಲ, ಹಾಗಾಗಿ ನಾನು ಹೊರಗೆ ನಿಲ್ತೇನೆ. ನೀವು ಧೈರ್ಯದಲ್ಲಿ ಆಡಿ." ಕತ್ತಿ ಕೆಳಗಿಟ್ಟು ಒಂದು ಮರದ ಬುಡಕ್ಕೆ ಹೋಗಿ ನಿಂತೆ.

ಒಳಗಿನಿಂದ ಕೂಗು ಬಂತು. "ಅಪ್ಪಾ! ಎಂತ ಮಾಡುದು ನೀವು?"

"ತೂಕ ಸರಿಮಾಡುದು!"

"ಅಯ್ಯೋ ಮೇಸ್ತ್ರಿಯವರೇ, ಧ್ವಜ!" ಶಮೀಮಾ ಮೈಕಿನಲ್ಲಿ ಕಿರುಚಿದಳು.

"ಹೆದರ್ಬೇಡ ಶಮೀಮಾ, ನ್ಯಾಯದಲ್ಲಿ ಗೆಲ್ಲುವ!"

ಕಡಬದವನೊಬ್ಬ ಓಡಿ ಬಂದು ಮರದ ಬುಡದಲ್ಲಿದ್ದ ನನ್ನನ್ನು ಕಡಿದು ಹಾಕಿದ. ಪಾಪ, ತಿಳಿಯದೆ ಮಾಡಿದ ಅಂದುಕೊಂಡೆ. ಜೀವ ಬಂದ ಕೂಡಲೇ ಮತ್ತೆ ಅದೇ ಮರಕ್ಕೆ ನಡೆದೆ. ಮತ್ತೆ ಕಡಿದ. ಹೀಗೆ ಆರು ಸಲ! ಪ್ರತಿ ಸಲವೂ ಅವರಿಗೆ ಒಂದೊಂದು ಅಂಕ. ಕೊನೆಗೆ ಧ್ವಜವನ್ನೂ ಕಿತ್ತುಕೊಂಡು ಹೋದರು. ನಾವು ಸೋತೆವು. ಜೊತೆಗೆ ನನ್ನ ಪರದೆಯ ಮೇಲೆ ಕೆಂಪಕ್ಷರ: ಆಡದೆ ನಿಂತದ್ದಕ್ಕಾಗಿ ಏಳು ದಿನ ನಿಷೇಧ.

ಚೈತ್ರಾ ಹೊರಗೆ ಬಂದಳು. ಅವಳ ಕಣ್ಣು ತುಂಬಿತ್ತು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಮೆಲ್ಲಗೆ ವಿವರಿಸಿದಳು.

"ಅಪ್ಪ, ಎಲ್ಲರಿಗೂ ಕೇಳುದು ಆ ಬಂದೂಕಿನ ಆಟದಲ್ಲಿ. ಇದರಲ್ಲಿ ಮೈಕು ನಮ್ಮವರಿಗೆ ಮಾತ್ರ. ಮತ್ತೆ, ಒಬ್ಬ ಹೋದ್ರೆ ಉಳಿದ ಇಬ್ಬರಿಗೆ ಆಟವೇ ಶಕ್ತಿ ಜಾಸ್ತಿ ಮಾಡ್ತದೆ. ತೂಕ ಆಗಲೇ ಸರಿ ಆಗಿತ್ತು."

ತೂಕ ಆಗಲೇ ಸರಿಯಾಗಿತ್ತು! ನಾನು ನೆಟ್ಟಗಿದ್ದ ಗೋಡೆಯನ್ನು ನೆಟ್ಟಗೆ ಮಾಡಲು ಹೋಗಿ ಕೆಡವಿದ್ದೆ. ಅದೂ ಮಗಳ ನಾಲ್ಕು ತಿಂಗಳ ಗೋಡೆಯನ್ನು. ಮಧ್ಯಾಹ್ನ ಲಲಿತಾ ಬಡಿಸಿದ ದೋಸೆ ಒಂದು ಬದಿ ಬಹಳ ದಪ್ಪವಿತ್ತು. ನಾನು ತುಟಿಪಿಟಕ್ಕೆನ್ನಲಿಲ್ಲ.

ಊಟ ಮುಗಿಯುವ ಹೊತ್ತಿಗೆ ಚೈತ್ರಾಳ ಫೋನು ಬಡಿದುಕೊಂಡಿತು. ಕಡಬದ ತಂಡದ ನಾಯಕಿ, ಅಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿರುವ ಸೌಮ್ಯ. ಮಗಳು ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದಳು.

"ನಿಮ್ಮ ಮೂರನೆಯವರಿಗೆ ಎಂತ ಆದದ್ದು? ಫೋನು ಹಾಳಾಯ್ತಾ? ಮರದಡಿಯಲ್ಲಿ ಕಂಬದ ಹಾಗೆ ನಿಂತಿದ್ರಲ್ಲ!"

"ಅದು ನನ್ನ ಅಪ್ಪ," ಎಂದು ಚೈತ್ರಾ ಎಲ್ಲವನ್ನೂ ಹೇಳಿದಳು. ಆಚೆ ಕಡೆಯಿಂದ ನಗು ಕೇಳಿಸಿತು.

"ಅಯ್ಯೋ ದೇವರೇ! ನಮ್ಮ ಅಪ್ಪನೂ ಹಗ್ಗ ಎಳೆದವರೇ ಮಾರಾಯ್ತಿ. ಅವರಿಗೆ ಹೇಳಿದ್ರೆ ನನ್ನನ್ನು ಮನೆಗೆ ಸೇರಿಸ್ಲಿಕ್ಕಿಲ್ಲ. ಹೊರಗೆ ನಿಂತವರಿಗೆ ಆರು ಸಲ ಹೊಡೆದು ಗೆದ್ದದ್ದು ಅಂತ ಹೇಳುದು ಹೇಗೆ? ಆಟದ ನಡುವೆ ಯಾರದ್ದಾದ್ರೂ ನೆಟ್‌ವರ್ಕ್ ಹೋದ್ರೆ ಎರಡು ಕಡೆಯೂ ಒಪ್ಪಿ ಪುನಃ ಆಡ್ಲಿಕ್ಕೆ ನಿಯಮ ಉಂಟು. ಸಂಜೆ ನಾಲ್ಕಕ್ಕೆ ಆಡುವ. ನಾನು ಒಪ್ಪಿದೆ."

ಮುಖ ನೋಡದ ಹುಡುಗಿ, ಕೈಗೆ ಬಂದ ಗೆಲುವನ್ನು ವಾಪಸು ಕೊಡುತ್ತಿದ್ದಾಳೆ! "ನಿನ್ನ ಉಪಕಾರ ಮರೆಯುದಿಲ್ಲ ಮಗಾ. ಕಡಬದಲ್ಲಿ ಮನೆ ಕಟ್ಟುವಾಗ ಹೇಳು, ಮೊದಲ ಕಲ್ಲು ನಾನೇ ಇಡ್ತೇನೆ," ಎಂದೆ.

"ಅದು ಆಗ್ಲಿ ಮೇಸ್ತ್ರಿಯವರೇ. ಸಂಜೆ ಮಾತ್ರ ನೀವು ಕೂತ್ಕೊಳ್ಳಿ."

ನಾಲ್ಕಕ್ಕೆ ಗಣೇಶ ಬಂದ. ರಿಕ್ಷಾ ಅಂಗಳದಲ್ಲೇ ಬಿಟ್ಟು, ಗ್ರೀಸು ಹತ್ತಿದ ಕೈಯಲ್ಲೇ ಫೋನು ಹಿಡಿದ. ನನ್ನದಕ್ಕೆ ನಿಷೇಧವಿದ್ದರೂ ಲಲಿತಾ ಅದನ್ನು ಅಕ್ಕಿ ಡಬ್ಬದೊಳಗಿಟ್ಟು, ಡಬ್ಬದ ಮೇಲೆ ತಾನು ಕೂತಳು. ಒಂದೇ ಒಂದು ಅಂಕದಿಂದ ನಮ್ಮವರು ಗೆದ್ದರು! ಚೈತ್ರಾ ಓಡಿ ಬಂದು ನನ್ನ ಪ್ಲಾಸ್ಟರನ್ನೇ ಅಪ್ಪಿಕೊಂಡಳು.

ಫೈನಲಿನ ದಿನ ನಾನೂ ಸಭಾಭವನಕ್ಕೆ ಹೋಗಿದ್ದೆ. ಸೌಮ್ಯ ಕಡಬದಿಂದ ಬಂದು ನಮ್ಮ ಪಕ್ಕದಲ್ಲೇ ಕೂತು ನಮ್ಮವರಿಗೆ ಚಪ್ಪಾಳೆ ಹೊಡೆದಳು. ಈಗ ತಂಡದಲ್ಲಿ ನನಗೆ 'ಹಿರಿಯರು' ಎಂಬ ಪದವಿ ಕೊಟ್ಟಿದ್ದಾರೆ. ದಿನಾ ಎಲ್ಲರನ್ನೂ ಊಟ ಆಯ್ತಾ ಎಂದು ಕೇಳುವುದು ನನ್ನ ಜವಾಬ್ದಾರಿ. ಆಟಕ್ಕೆ ಮಾತ್ರ ಕರೆಯುವುದಿಲ್ಲ.

ಅದರಲ್ಲಿ ನನಗೆ ಬೇಸರವಿಲ್ಲ. ಆ ಭಾನುವಾರದ ಎರಡೂ ಪಂದ್ಯಗಳಲ್ಲಿ ನಾನು ಮಾಡಿದ್ದು ಒಂದೇ ಕೆಲಸ, ಸುಮ್ಮನಿದ್ದದ್ದು. ಬೆಳಿಗ್ಗೆ ಮರದ ಬುಡದಲ್ಲಿ ಸುಮ್ಮನಿದ್ದು ಸೋಲಿಸಿದೆ. ಸಂಜೆ ಜಗಲಿಯಲ್ಲಿ ಸುಮ್ಮನಿದ್ದು ಗೆಲ್ಲಿಸಿದೆ. ಎರಡು ಕಡೆಯೂ ಸಮ!