ಬಾಲ್ಕನಿಯಲ್ಲಿ ಫ್ಲಮೆಂಕೊ

ಭಾನುವಾರ ಬೆಳಿಗ್ಗೆ ಕೇದಾರರ ಅವಲಕ್ಕಿ ತಟ್ಟೆಗೆ ಮೇಲಿನಿಂದ ಸುಣ್ಣದ ಚೂರೊಂದು ಬಿತ್ತು. ಆದದ್ದು ಅಷ್ಟೇ. ಆದರೆ ಕೇದಾರರು ಕೋಥರೂಡ ಎಂಬ ಮರಾಠಿಗರ ಬಡಾವಣೆಯ ಆ ವಸತಿ ಸೊಸೈಟಿಯ ಕಾರ್ಯದರ್ಶಿ. ಅವರ ತಟ್ಟೆಗೆ ಬಿದ್ದದ್ದು ಇಡೀ ಸೊಸೈಟಿಯ ಮೇಲೆ ಬಿದ್ದ ಹಾಗೆ.

ಚೂರು ಉದುರಿಸಿದವರು ಮೇಲಿನ ಮನೆಯ ಮಧ್ವೇಶರು. ಧಾರವಾಡದಿಂದ ಬಂದು ಔಷಧ ಕಂಪನಿಯೊಂದರಲ್ಲಿ ನೌಕರಿಗಿದ್ದ ಅವರು, ಐವತ್ತು ಹತ್ತಿರ ಬಂದಾಗ ಗಿಟಾರು ಕೊಂಡು, ವಿಡಿಯೋ ನೋಡಿ ನೋಡಿ ಫ್ಲಮೆಂಕೊ ಎಂಬ ಸ್ಪೇನ್ ದೇಶದ ಸಂಗೀತ ಕಲಿಯುತ್ತಿದ್ದರು. ಅದರಲ್ಲಿ ತಂತಿ ಮೀಟುವುದರ ಜೊತೆಗೆ ಕಾಲಿನಿಂದ ನೆಲ ಕುಟ್ಟುವುದೂ ಉಂಟು. ಮೀಟುವುದಿನ್ನೂ ಕೈಗೆ ಹತ್ತಿರಲಿಲ್ಲ. ಕುಟ್ಟುವುದು ಮಾತ್ರ ಕಾಲಿಗೆ ಚೆನ್ನಾಗಿ ಹತ್ತಿತ್ತು.

ಕೇದಾರರು ಮೆಟ್ಟಿಲೇರಿ ಬಂದರು. ಬೆಳಗಾವಿಯವರಾದ್ದರಿಂದ ಜಗಳಕ್ಕೆ ಕನ್ನಡವೇ ಸಾಕಾಯಿತು.

"ಮಧ್ವೇಶ ಅವರ, ಸಂಜಿ ಐದಕ್ಕ ಪಾರ್ಕಿಂಗಿನ್ಯಾಗ ಮೀಟಿಂಗ್ ಅದ. ನಿಮ್ಮ ಗಿಟಾರ್ ಇರಬೇಕೋ ಬ್ಯಾಡೋ, ಮಂದೀನ್ನ ಕೇಳೋಣು."

"ಬರ್ತೇನ್ರಿ. ಒಂದ ತುಣುಕು ಬಾರಿಸಿ ತೋರಸ್ತೇನಿ. ಕೇಳಿದ ಮ್ಯಾಲೆ ಹೇಳ್ರಿ."

"ಕೇಳೇವ್ರಿ. ಅದಕ್ಕ ಮೀಟಿಂಗ್ ಕರದದ್ದು."

ಮಧ್ಯಾಹ್ನ ಮಧ್ವೇಶರು ಬಾಲ್ಕನಿಯಲ್ಲಿ ಒಣಹಾಕಿದ್ದ ಚಾದರದ ಮರೆಗೆ ಕುಳಿತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೊನೆಯ ತಾಲೀಮಿಗೆ ತೊಡಗಿದರು. ವಿಡಿಯೋದ ಗುರು ಬೆರಳುಗಳನ್ನು ಬೀಸಣಿಗೆಯಂತೆ ಒಂದೊಂದಾಗಿ ಬಿಚ್ಚುತ್ತಿದ್ದ. ಮಧ್ವೇಶರ ಬೆರಳುಗಳು ಸಿಟಿ ಬಸ್ಸಿಗೆ ಕಾದ ಜನರಂತೆ ಎಲ್ಲ ಒಟ್ಟಿಗೇ ನುಗ್ಗುತ್ತಿದ್ದವು. ಅವುಗಳಿಗೆ ಮೊದಲು ನೋಡುವುದನ್ನು ಕಲಿಸಬೇಕೆಂದು ಕೈ ಕಟ್ಟಿ ಕುಳಿತರು.

ಐದು ಹತ್ತಿರವಾದರೂ ಮನೆ ಸದ್ದಿಲ್ಲದಿರುವುದನ್ನು ಕಂಡ ಹೆಂಡತಿ ಕುಸುಮ, ಗಂಡ ಮೀಟಿಂಗಿಗೆ ಇಳಿದಿರಬೇಕೆಂದುಕೊಂಡಳು. ಪಾರಿವಾಳ ಒಳಗೆ ನುಗ್ಗದಿರಲೆಂದು ಬಾಲ್ಕನಿ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ ತರಕಾರಿ ತರಲು ಹೋದಳು.

ಐದಾಗುವ ಹೊತ್ತಿಗೆ ಫೋನಿನ ಬ್ಯಾಟರಿ ಮುಗಿಯಿತು. ಮಧ್ವೇಶರು ಎದ್ದು ಬಾಗಿಲು ತಳ್ಳಿದರು. ಅದು ಜಗ್ಗಲಿಲ್ಲ. ಕೆಳಗೆ ಆಗಲೇ ಕುರ್ಚಿಗಳು ತುಂಬಿದ್ದವು.

ಜನರ ಗಮನ ಸೆಳೆಯಲು ಮೊದಲು ಗಿಟಾರನ್ನೇ ಜೋರಾಗಿ ಮೀಟಿದರು. ಯಾರೂ ತಲೆ ಎತ್ತಲಿಲ್ಲ. ಕೇದಾರರು ಮಾತ್ರ, ಸಾಕ್ಷಿ ತಾನಾಗಿಯೇ ಬಂತೆಂಬಂತೆ ಮೇಲಕ್ಕೆ ಬೆರಳು ತೋರಿಸಿದರು. ಮಧ್ವೇಶರಿಗೆ ಹೊಳೆಯಿತು. ತಾವಿಲ್ಲದೆ ತೀರ್ಮಾನವಾದರೆ ಗಿಟಾರಿನ ಕತೆ ಮುಗಿದಂತೆ. ಅದನ್ನು ಕೆಳಗಿಟ್ಟು ಎರಡೂ ಕೈಯಿಂದ ಬಾಗಿಲು ಬಡಿಯುತ್ತ, "ದಾರ ಉಘಡಾ ಹೋ" ಎಂದು ಮರಾಠಿಯಲ್ಲೇ ಕೂಗಿದರು. ಬಾಗಿಲು ತೆಗೆಯಿರಿ ಎಂಬ ಆ ಎರಡು ಮಾತು ಗಂಟಲಲ್ಲಿ ಎಳೆದಾಡಿ, ನಡುಗಿ, ಕೊನೆಗೆ "ಅಯ್ಯೋ" ಎಂದು ಒಡೆದು ಹೊರಬಂತು.

ಮರಾಠಿಯಲ್ಲಿ ದೇವಿಯನ್ನು ಕರೆಯುವ ಭಕ್ತಿಗೀತೆ ಶುರುವಾಗುವುದೂ ಇಂಥದೇ ಮಾತಿನಿಂದ. ಕೆಳಗೆ ಮೀಟಿಂಗ್ ನಿಂತಿತು. ಕೇದಾರರ ಹೆಂಡತಿ ನೀಲಿಮಾ ಕಣ್ಣು ಮುಚ್ಚಿ ತಾಳ ಹಾಕಿದಳು. ಉಳಿದವರೂ ಸೇರಿಕೊಂಡರು. ಮಧ್ವೇಶರು ಕೈ ಬೀಸಿದರು, ಜನರೂ ಕೈ ಬೀಸಿದರು. ಚಾದರ ಕಿತ್ತು ಬೀಸಿದರೆ ಮೊಬೈಲುಗಳು ಮೇಲೆದ್ದವು. ಹತಾಶೆಯಿಂದ ನೆಲ ಕುಟ್ಟಿದರೆ ಚಪ್ಪಾಳೆ ಇಮ್ಮಡಿಯಾಯಿತು.

ಕುಸುಮ ಬಂದು ಚಿಲಕ ತೆಗೆಯುವಷ್ಟರಲ್ಲಿ ಅವರ ಧ್ವನಿ ಅರ್ಧ ಹೋಗಿತ್ತು.

"ಇಲ್ಲ್ಯಾಕ ನಿಂತೀರಿ? ಮೀಟಿಂಗಿಗೆ ಹೋಗ್ಲಿಲ್ಲೇನು?"

ಮಧ್ವೇಶರು ಗಿಟಾರು ಎತ್ತಿಕೊಂಡು ಓಡಿದರು. ಮೆಟ್ಟಿಲ ಮೇಲೆ ಕೇದಾರ ದಂಪತಿ ಎದುರಾದರು. ಕೇದಾರರ ಕಣ್ಣು ಒದ್ದೆಯಾಗಿತ್ತು.

"ದೇವೀಗೆ ಬಾಗಲಾ ತಗೀ ಅಂತ ಏನ್ ಕರದ್ರಿ," ಎಂದಳು ನೀಲಿಮಾ. "ಮೈ ಝುಂ ಅಂತು."

"ನಾ ಹಾಡ್ಲಿಲ್ರಿ. ಸಿಕ್ಕೊಂಡಿದ್ದೆ."

"ಸಂಸಾರದಾಗ ಸಿಕ್ಕೊಳ್ಳದಾಂವ ಯಾರದಾನ್ರಿ," ಕೇದಾರರು ನಿಟ್ಟುಸಿರಿಟ್ಟರು. "ಅದಕ್ಕ ಎಲ್ಲಾರಿಗೂ ನಾಟ್ತು. ಒಬ್ಬರೂ ವಿರೋಧ ಮಾಡ್ಲಿಲ್ಲ, ಠರಾವು ಪಾಸಾತು."

ಮಧ್ವೇಶರ ಮುಖ ಖುಷಿಯಿಂದ ಪೂರಿಯಂತೆ ಉಬ್ಬಿತು. "ಹಂಗಾರ ಗಿಟಾರ್ ಬಾರಿಸಬಹುದೇನ್ರಿ?"

"ಛೇ, ಗಿಟಾರ್ ಬಂದ್. ಅದನ್ನ ಕೆಳಗಿಟ್ಟ ಮ್ಯಾಲೇ ನೋಡ್ರಿ ರಂಗೇರಿದ್ದು. ನವರಾತ್ರಿ ಒಂಬತ್ತೂ ದಿನ ನಿಮ್ಮ ಗಾಯನ ಇಟ್ಟೇವಿ."

ಮಧ್ವೇಶರು ಗಿಟಾರನ್ನು ಎದೆಗವಚಿಕೊಂಡು ಕೆಮ್ಮಿದರು.

"ಗಂಟಲಾ ಕಾಪಾಡ್ಕೋರಿ," ಕೇದಾರರು ಪ್ರೀತಿಯಿಂದ ಭುಜ ತಟ್ಟಿದರು. "ಬಡಿಯೂದಕ್ಕ ಬಾಗಲದ ವ್ಯವಸ್ಥಾ ನಾವು ಮಾಡ್ತೇವಿ."