ಆಟದ ಪ್ರಯೋಗಾಲಯದಲ್ಲಿ ಆಕಳಿಸುವುದರ ನಿರ್ಬಂಧ ಕುರಿತು

ಆಟ ಅಧ್ಯಯನ ವಿಭಾಗ
ಸುತ್ತೋಲೆ ಸಂಖ್ಯೆ: ಆಅವಿ/ಆಕಳಿಕೆ/೪/ತಿದ್ದುಪಡಿ–೩

ಉಲ್ಲೇಖ: ೧. ಸೋಫಾ ದಾನ ಮಾಡಿದ ಕಂಪನಿಯ ಮಿಂಚಂಚೆ.
೨. ಸಂಶೋಧನಾ ವಿದ್ಯಾರ್ಥಿನಿಯವರ ಮೌಖಿಕ ಉತ್ತರ.
೩. ಇದೇ ವಿಷಯದ ಹಿಂದಿನ ಸುತ್ತೋಲೆ (ಯಾರೂ ಓದಿದಂತೆ ಕಂಡುಬಂದಿಲ್ಲ).

ಪ್ರಸ್ತಾವನೆ:

ವಿಡಿಯೋ ಗೇಮ್ ಕಂಪನಿಯೊಂದು ಈ ವಿಭಾಗಕ್ಕೆ ಒಂದು ಪ್ರಯೋಗಾಲಯವನ್ನೂ ಎರಡು ದೊಡ್ಡ ಪರದೆಗಳನ್ನೂ ಒಂದು ನೀಲಿ ಸೋಫಾವನ್ನೂ ಉದಾರವಾಗಿ ಒದಗಿಸಿರುವುದು ಸರಿಯಷ್ಟೆ. ಸದರಿ ಕಂಪನಿಯ ಮೀನು ಹಿಡಿಯುವ ಆಟವನ್ನು ಜನರಿಂದ ಆಡಿಸಿ, ಆಡುವವರ ಮುಖವನ್ನು ಕ್ಯಾಮೆರಾದಲ್ಲಿ ಸೆರೆಹಿಡಿದು ಅಧ್ಯಯನ ಮಾಡುವ ಕೆಲಸವನ್ನು ಪಿಎಚ್‌ಡಿ ವಿದ್ಯಾರ್ಥಿನಿಯೊಬ್ಬರಿಗೆ ವಹಿಸಲಾಗಿತ್ತು. ಇವರನ್ನು ವಿಭಾಗದಲ್ಲಿ ಎಲ್ಲರೂ ‘ಸ್ಟಾಪ್‌ವಾಚ್’ ಎಂದೇ ಕರೆಯುತ್ತಾರೆ.

ಜನ ಎಷ್ಟು ಖುಷಿಪಡುತ್ತಾರೆಂದು ತಿಳಿಯುವುದು ಕಂಪನಿಯ ಅಪೇಕ್ಷೆಯಾಗಿತ್ತು. ಜನ ಆಕಳಿಸಿದ್ದಾರೆ. ದೋಣಿಯಲ್ಲಿ ಗಾಳ ಹಾಕಿ ಕಾಯುವ ಹಂತದಲ್ಲಿ ಆಕಳಿಕೆ ಬರುವುದೂ, ಆಕಳಿಕೆ ಮುಗಿಯುವ ಹೊತ್ತಿಗೆ ಸರಿಯಾಗಿ ‘ಹಣ ಕೊಟ್ಟರೆ ಮೀನು ಈಗಲೇ ಕಚ್ಚುತ್ತದೆ’ ಎಂಬ ಗುಂಡಿ ಪರದೆಯ ಮೇಲೆ ಮೂಡುವುದೂ ಸ್ಟಾಪ್‌ವಾಚ್ ಅವರ ಗಮನಕ್ಕೆ ಬಂದಿದೆ. ಈ ಆಟದಲ್ಲಿ ಬೇಸರವನ್ನು ಬೇಕೆಂದೇ ತುಂಬಲಾಗಿದೆ ಎಂದು ಅವರು ಪ್ರಬಂಧದ ನಾಲ್ಕನೇ ಅಧ್ಯಾಯದಲ್ಲಿ ಬರೆದಿದ್ದಾರೆ.

ಆ ಅಧ್ಯಾಯ ತೆಗೆಯದಿದ್ದಲ್ಲಿ ಸೋಫಾ ಸಮೇತ ಪ್ರಯೋಗಾಲಯವನ್ನು ಹಿಂಪಡೆಯುವುದಾಗಿ ಕಂಪನಿ ತಿಳಿಸಿದೆ. ತೆಗೆದಲ್ಲಿ ತಮ್ಮ ಪ್ರಬಂಧವೇ ಇರುವುದಿಲ್ಲವೆಂದು ವಿದ್ಯಾರ್ಥಿನಿ ತಿಳಿಸಿದ್ದಾರೆ. ಹಾವೂ ಸಾಯದಂತೆ, ಕೋಲೂ ಮುರಿಯದಂತೆ ಈ ಕೆಳಕಂಡ ಕ್ರಮಗಳನ್ನು ಕೈಗೊಳ್ಳಲಾಗಿದೆ.

೧. ಪ್ರಯೋಗಾಲಯದೊಳಗೆ ಆಕಳಿಸುವುದನ್ನು ತಕ್ಷಣದಿಂದ ನಿಷೇಧಿಸಲಾಗಿದೆ. ಬಂದ ಆಕಳಿಕೆಯನ್ನು ಕಾರಿಡಾರಿಗೆ ಕೊಂಡೊಯ್ದು, ಕುಡಿಯುವ ನೀರಿನ ಯಂತ್ರದ ಎಡಬದಿಯಲ್ಲಿ ಗೋಡೆಗೆ ಮುಖ ಮಾಡಿ ಪೂರೈಸತಕ್ಕದ್ದು. ಬಲಬದಿಯನ್ನು ಬೋಧಕ ಸಿಬ್ಬಂದಿಗೆ ಕಾಯ್ದಿರಿಸಲಾಗಿದೆ.

೨. ಒಬ್ಬರನ್ನು ನೋಡಿ ಇನ್ನೊಬ್ಬರು ಆಕಳಿಸಿದಲ್ಲಿ, ಎರಡನೆಯವರದನ್ನು ಕೃತಿಚೌರ್ಯವೆಂದು ಪರಿಗಣಿಸಲಾಗುವುದು.

೩. ಬಾಯಿ ತೆರೆದದ್ದೆಲ್ಲ ಆಕಳಿಕೆಯಲ್ಲ. ಅನುಮಾನವಿದ್ದಲ್ಲಿ ವಿಸ್ಮಯವೆಂದು ದಾಖಲಿಸತಕ್ಕದ್ದು. ಈವರೆಗಿನ ಆಕಳಿಕೆಗಳಲ್ಲಿ ವಿಸ್ಮಯಗಳೆಷ್ಟೆಂದು ಬೇರ್ಪಡಿಸಲು ಮೂವರ ಸಮಿತಿಯನ್ನು ರಚಿಸಲಾಗಿದ್ದು, ಸಮಿತಿಯು ದೃಶ್ಯಗಳನ್ನು ವೀಕ್ಷಿಸಲು ಆರಂಭಿಸಿದೆ. ಸದಸ್ಯರು ಮೂವರೂ ಸದ್ಯ ಕಾರಿಡಾರಿನಲ್ಲಿರುವುದರಿಂದ ವರದಿ ತಡವಾಗಲಿದೆ.

೪. ಕಂಪನಿಯ ಅಧಿಕಾರಿಗಳು ಭೇಟಿ ನೀಡಿದ ದಿನ, ಅವರ ಸಮ್ಮುಖದಲ್ಲಿಯೇ ಒಬ್ಬ ವ್ಯಕ್ತಿ ಸೋಫಾದಲ್ಲಿ ಕುಳಿತು ಆಟವಾಡಿ, ದವಡೆಯ ಹಲ್ಲಿಗೆ ತುಂಬಿಸಿದ ಸಿಮೆಂಟು ಕ್ಯಾಮೆರಾದ ಮೂಲಕ ಎರಡೂ ಪರದೆಗಳ ಮೇಲೆ ಕಾಣುವಂತೆ ಆಕಳಿಸಿರುವುದು ವಿಷಾದನೀಯ. ಇವರನ್ನು ಹದಿನೇಳನೇ ಆಟಗಾರರೆಂದು ದಾಖಲಿಸಲಾಗಿದೆ. ಆಟಗಾರರ ಗುರುತನ್ನು ಬಿಟ್ಟುಕೊಡುವಂತಿಲ್ಲ ಎಂಬುದು ಮುಖ್ಯಸ್ಥರೇ ಮಾಡಿದ ನಿಯಮ. ಸದರಿ ಆಟಗಾರರ ಕನ್ನಡಕವು ಮುಖ್ಯಸ್ಥರ ಕನ್ನಡಕವನ್ನು ಹೋಲುವುದು ಕೇವಲ ಕಾಕತಾಳೀಯ.

೫. ನಾಲ್ಕನೇ ಅಧ್ಯಾಯ ಆರಂಭವಾಗುವುದೇ ಈ ಆಕಳಿಕೆಯಿಂದ. ಕನಿಷ್ಠ ಇದೊಂದನ್ನಾದರೂ ತೆಗೆಯುವಂತೆ ಸೂಚಿಸಿದಾಗ ವಿದ್ಯಾರ್ಥಿನಿ ನೀಡಿದ ಉತ್ತರವನ್ನು ಯಥಾವತ್ತಾಗಿ ದಾಖಲಿಸಲಾಗಿದೆ: “ಹದಿನೇಳನೇ ಆಟಗಾರರು ಯಾರು ಅಂತ ನಾನು ಹೇಳೋ ಹಾಗಿಲ್ಲ ಸರ್. ಅವರೇ ಬಂದು ‘ಅದು ನಂದು’ ಅಂತ ಬರೆದುಕೊಟ್ರೆ ತೆಗೀತೀನಿ. ಆದ್ರೆ ಒಂದು ಮಾತು, ಇಷ್ಟು ವರ್ಷ ಕೂತು ನೋಡಿದೀನಿ, ಅಷ್ಟು ಮನಸಾರೆ ಆಕಳಿಸಿದೋರು ಇನ್ನೊಬ್ಬರಿಲ್ಲ.”

೬. ತತ್ಸಂಬಂಧ ಹದಿನೇಳನೇ ಆಟಗಾರರು ಮುಖ್ಯಸ್ಥರ ಮುಂದೆ ಖುದ್ದಾಗಿ ಹಾಜರಾಗಲು ಸೂಚಿಸಲಾಗಿತ್ತು. ಮುಖ್ಯಸ್ಥರು ಮಧ್ಯಾಹ್ನವಿಡೀ ಕೊಠಡಿಯ ಬಾಗಿಲು ತೆರೆದಿಟ್ಟು ಕಾದಿದ್ದಾರೆ. ಒಮ್ಮೆ ಅವರೇ ಹೊರಗೆ ಹೋಗಿ, ಬಾಗಿಲು ತಟ್ಟಿ ಒಳಗೆ ಬಂದಿದ್ದಾರೆ. ಮುಖ್ಯಸ್ಥರ ಕುರ್ಚಿಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ವಿಚಾರಣೆಯನ್ನು ಮುಂದೂಡಲಾಗಿದೆ.

೭. ಆಕಳಿಸದೆಯೂ ಈ ಆಟವನ್ನು ಆಡಬಹುದೆಂದು ಸಾಬೀತುಪಡಿಸುವ ಸಲುವಾಗಿ ಮುಖ್ಯಸ್ಥರು ತದನಂತರ ಒಬ್ಬರೇ ಸೋಫಾದಲ್ಲಿ ಕುಳಿತು, ಹಲ್ಲು ಕಚ್ಚಿಕೊಂಡು ಗಾಳ ಹಾಕಿದ್ದಾರೆ. ದೋಣಿ ಅಲುಗಿಲ್ಲ. ಮೀನು ಬಂದಿಲ್ಲ. ಆಕಳಿಕೆ ಬಂದಿದೆ. ಬಾಯಿ ಮುಚ್ಚುವುದರೊಳಗೆ ಗುಂಡಿ ಮೂಡಿದೆ. ಗುಂಡಿಯನ್ನು ಒತ್ತಲಾಗಿದೆ. ಮೀನು ಕಚ್ಚಿದೆ. ಪುನಃ ಒತ್ತಲಾಗಿದೆ. ಎಲ್ಲವನ್ನೂ ಬಲ್ಲ ತಾವು ಕೂಡ ಗುಂಡಿ ಒತ್ತಿದ್ದಕ್ಕಾಗಿ ಮುಖ್ಯಸ್ಥರಿಗೆ ನಾಚಿಕೆಯಾಗಿದೆ. ಅನಂತರ ಕೋಪ ಬಂದಿದೆ. ಆಡಳಿತಾತ್ಮಕ ಕೋಪವಲ್ಲ, ನಿಜವಾದದ್ದು.

೮. ಆದ್ದರಿಂದ ಕಂಡಿಕೆ ೧ರಿಂದ ೩ರವರೆಗಿನ ನಿಯಮಗಳನ್ನು ರದ್ದುಪಡಿಸಲಾಗಿದೆ. ಈಗಾಗಲೇ ಟೈಪಾಗಿರುವ ಕಾರಣ ಅಳಿಸಿರುವುದಿಲ್ಲ.

೯. ಹದಿನೇಳನೇ ಆಟಗಾರರು ಕಡೆಗೂ ಪತ್ತೆಯಾಗಿದ್ದಾರೆ. ತಮ್ಮ ಆಕಳಿಕೆಯನ್ನು ಪ್ರಬಂಧದಿಂದ ಯಾವ ಕಾರಣಕ್ಕೂ ತೆಗೆಯಕೂಡದೆಂದು ಅವರು ಕೋರಿದ್ದು, ಕೋರಿಕೆಯನ್ನು ನಿಂತ ನಿಲುವಿನಲ್ಲಿ ಅಂಗೀಕರಿಸಲಾಗಿದೆ. ಪ್ರಬಂಧವನ್ನು ನಾಲ್ಕನೇ ಅಧ್ಯಾಯ ಸಹಿತ ಮೌಲ್ಯಮಾಪನಕ್ಕೆ ಕಳುಹಿಸತಕ್ಕದ್ದು. ಸೋಫಾದಲ್ಲಿ ಕುಳಿತಿರುವವರು ಏಳತಕ್ಕದ್ದು.

ಸಹಿ/-
(ಹದಿನೇಳನೇ ಆಟಗಾರ)
ಮುಖ್ಯಸ್ಥರು, ಆಟ ಅಧ್ಯಯನ ವಿಭಾಗ

ಪ್ರತಿಗಳು:
೧. ಕಂಪನಿಗೆ, ಸೋಫಾ ಒಯ್ಯಲು ವಾಹನದೊಂದಿಗೆ ಬರುವಂತೆ ಕೋರಿ. ಬಾಗಿಲು ಕಿರಿದಾಗಿದ್ದು, ತಂದಂತೆಯೇ ಕಾಲು ಬಿಚ್ಚಿ ಒಯ್ಯುವುದು.
೨. ಸ್ಟಾಪ್‌ವಾಚ್ ಅವರಿಗೆ, ಎರಡನೇ ಆಕಳಿಕೆಯ ದೃಶ್ಯದೊಂದಿಗೆ. ಇಷ್ಟಬಂದಲ್ಲಿ ಬಳಸಿಕೊಳ್ಳಬಹುದು.
೩. ಆಕಳಿಕೆ ಪರಿಶೀಲನಾ ಸಮಿತಿಗೆ, ಕಾರಿಡಾರ್, ಎಡಬದಿ.
೪. ಕಚೇರಿ ಕಡತಕ್ಕೆ.
೫. ಮುಖ್ಯಸ್ಥರ ಪತ್ನಿಯವರಿಗೆ, ಅವರ ಫೋನಿಗೆ ಬ್ಯಾಂಕಿನಿಂದ ಬಂದ ಸಂದೇಶಗಳ ಕುರಿತು. ಸಂಜೆ ಖುದ್ದಾಗಿ ಸಮಜಾಯಿಷಿ ನೀಡಲಾಗುವುದು.