ಅಂಗಳ ದಾಟಿದ ಮುಗುಡು

ಮನೆಯಲ್ಲಿ ಮೊದಲು ಪದವಿ ಪಡೆದವರಿಗೆ ಒಂದು ಕಷ್ಟವಿದೆ. ಓದಿದ್ದು ಏನೇ ಇರಲಿ, ಮನೆಯವರ ಸಕಲ ಪ್ರಶ್ನೆಗಳಿಗೂ ಉತ್ತರಿಸಬೇಕು. ಮಿಕ್ಸಿ ತಿರುಗದಿದ್ದರೂ "ಎಂಎಸ್ಸಿ ಅಲ್ವಾ, ನೋಡು" ಎನ್ನುತ್ತಾರೆ. ನಾನು ಓದಿದ್ದು ಕೆರೆ ಹೊಳೆಗಳ ಜೀವಿಗಳ ಬಗ್ಗೆ. ಕಾಣಿಯೂರಿನಿಂದ ಪುತ್ತೂರಿಗೆ ಐದು ವರ್ಷ ಬಸ್ಸಿನಲ್ಲಿ ನಿಂತೇ ಹೋಗಿ ಗಳಿಸಿದ ಪದವಿ. ಹೆಮ್ಮೆ ಪಡಲು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ.

ಅಪ್ಪ ಗುಡ್ಡದ ಬುಡದಲ್ಲಿ ಒಂದು ಕೆರೆ ತೋಡಿಸಿದ್ದರು. ಹೊಳೆಗೂ ಅದಕ್ಕೂ ಸಂಬಂಧವಿಲ್ಲ, ಯಾರೂ ಮೀನು ಬಿಟ್ಟಿಲ್ಲ. ಆದರೂ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದರ ತುಂಬ ಮೀನು. ಮುಂದಿನ ಬೇಸಿಗೆಯಲ್ಲಿ ತಂಗಿಯ ಪಿಯುಸಿ ಮುಗಿಯಿತು. ಅವಳನ್ನೂ ಕಾಲೇಜಿಗೆ ಕಳಿಸಬೇಕೆಂದೆ.

"ಮೀನು ಓದಿದವಳು ಒಬ್ಬಳು ಉಂಟಲ್ಲ ಮನೆಯಲ್ಲಿ" ಎಂದರು ಅಪ್ಪ. "ಕೆರೆಗೆ ಮೀನು ಹೇಗೆ ಬಂತು ಹೇಳು ನೋಡುವ. ಹೇಳಿದರೆ ಅವಳೂ ಹೋಗಲಿ. ಇಲ್ಲದಿದ್ದರೆ ಓದಿ ಎಂತ ಪ್ರಯೋಜನ?"

"ಹಕ್ಕಿಯ ಕಾಲಿಗೆ ಮೊಟ್ಟೆ ಅಂಟಿಕೊಂಡು ಬರ್ತದೆ ಅಪ್ಪ."

"ಯಾವ ಹಕ್ಕಿ? ನೀನು ಕಂಡಿದ್ದೀಯಾ?"

ಕಂಡಿರಲಿಲ್ಲ. ವಾರವಿಡೀ ಕೊಡೆ ಹಿಡಿದು ದಂಡೆಯಲ್ಲಿ ಕೂತೆ. ಬಂದದ್ದು ಒಂದು ಕೊಕ್ಕರೆ. ಅದು ಮೀನು ತರುವುದಿರಲಿ, ಇದ್ದದ್ದರಲ್ಲಿ ನಾಲ್ಕನ್ನು ನುಂಗಿ ಹೋಯಿತು. ತಂಗಿ ಮುಖ ಸಣ್ಣ ಮಾಡಿಕೊಂಡು ಚಾ ತಂದುಕೊಟ್ಟಳು. ಅರ್ಜಿ ಹಾಕಲು ಎರಡೇ ದಿನ ಉಳಿದಿತ್ತು.

ಮರುದಿನ ಬೆಳಿಗ್ಗೆ ಮಳೆಗಾಲದ ಮೊದಲ ಜೋರು ಮಳೆ. ಮಳೆನೀರು ಹರಿಯುವ ತೋಡಿನ ಕಡೆಯಿಂದ ಅಂಗಳದ ಕೆಸರಿನಲ್ಲಿ ಏನೋ ಹೊರಳುತ್ತ ಬರುತ್ತಿತ್ತು. ನೋಡಿದರೆ ಮೀಸೆ ಹೊತ್ತ ಮುಗುಡು ಮೀನು. ಎದೆಯ ಮುಳ್ಳುಗಳನ್ನು ನೆಲಕ್ಕೂರಿ, ಸೊಂಟ ತಿರುಗಿಸುತ್ತ ಕೆರೆಯತ್ತ ನಡೆದಿತ್ತು. ಅಪ್ಪನನ್ನು ಕರೆಯಲು ಓಡಿದೆ. ತಿರುಗಿ ಬರುವಷ್ಟರಲ್ಲಿ ನನ್ನ ಸಾಕ್ಷಿ ಅಮ್ಮನ ಕೈಯಲ್ಲಿತ್ತು. ಇನ್ನೊಂದು ಕೈಯಲ್ಲಿ, ಜಾರುವ ಮೀನನ್ನು ಉಜ್ಜಿ ತೊಳೆಯಲು, ಒಲೆಯ ಬೂದಿ.

"ಬಿಡಮ್ಮ, ಅದು ತಂಗಿಯ ಕಾಲೇಜು."

"ಎಂತ ಕಾಲೇಜು ಮಾರಾಯ್ತಿ, ಮೆಣಸು ಹುರಿದಾಯ್ತು" ಎಂದು ಗೊಣಗುತ್ತಲೇ ಅಮ್ಮ ಅದನ್ನು ನೆಲಕ್ಕೆ ಬಿಟ್ಟರು.

ಅಪ್ಪ ಕೊಡೆ ಬಿಡಿಸುವುದನ್ನೂ ಮರೆತು ನಿಂತರು. ಮೀನು ದಂಡೆ ಹತ್ತಿ ಕೆರೆಗೆ ಬಿತ್ತು. ಬತ್ತುವ ಕೆಸರು ನೀರಿನಲ್ಲಿ ಉಸಿರು ಸಾಲದೆ, ಅದೆಷ್ಟೋ ತಲೆಮಾರು ಕಳೆದು, ಈ ಜಾತಿಗೆ ಗಾಳಿಯನ್ನೇ ಉಸಿರಾಡುವ ಅಂಗ ಬಂದದ್ದನ್ನು ನಾನು ಮಳೆಯಲ್ಲೇ ನಿಂತು ವಿವರಿಸಿದೆ.

"ಆಯ್ತು. ಅರ್ಜಿ ತಾ, ಸಹಿ ಹಾಕುವ" ಎಂದರು ಅಪ್ಪ.

ತಂಗಿ ಈಗ ಅದೇ ಬಸ್ಸಿನಲ್ಲಿ ನಿಂತು ಹೋಗುತ್ತಾಳೆ. ಅಂದು ಅಮ್ಮ ಮಾತ್ರ ಬೂದಿ ತೊಳೆಯುತ್ತ, "ಮುಗುಡು ನಡೆಯುದು ನಿನಗೆ ಗೊತ್ತಿರಲಿಲ್ವಾ? ಪ್ರತಿ ವರ್ಷ ಬರ್ತದೆ. ಕೇಳಿದ್ದರೆ ನಾನೇ ಹೇಳ್ತಿದ್ದೆ" ಎಂದಿದ್ದರು.

ಗೊತ್ತಿಲ್ಲದೆ ಏನು? ಪರೀಕ್ಷೆಯಲ್ಲಿ ಆ ಅಂಗದ ಚಿತ್ರ ಬರೆದು ಪೂರ್ತಿ ಅಂಕ ಪಡೆದವಳು ನಾನು. ಅಲ್ಲಿ ಮೀನಿಗೆ ಲ್ಯಾಟಿನ್ ಹೆಸರಿತ್ತು. ಚಿಕ್ಕಂದಿನಿಂದ ಮುಳ್ಳು ಬಿಡಿಸಿ ತಿನ್ನುತ್ತಿದ್ದದ್ದು ಅದನ್ನೇ ಎಂದು ಮಾತ್ರ ನನಗೆ ಹೊಳೆದಿರಲಿಲ್ಲ.